ಜರಡಿ ಮಾಂತ್ರಿಕನೂ ಸಿಡುಕಿ ದ್ಯಾವಕ್ಕನೂ

ಬಹಳ ಹಿಂದೆ, ನಿಮ್ಮ ಮುತ್ತಜ್ಜಿಯ ಮುತ್ತಜ್ಜಿಯೂ ಹುಟ್ಟುವುದಕ್ಕಿಂತ ಹಿಂದೆ, ಕಡವೆಪಟ್ಟಣ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಪುಸ್ತಕಗಳಿಗೆ ರೆಕ್ಕೆ ಇದ್ದವು. ಬೆಳಗಾದರೆ ಹಕ್ಕಿಗಳ ಜೊತೆ ಅವೂ ಎದ್ದು ಹಾರುತ್ತಿದ್ದವು. ಯಾರ ಮನೆಗೆ ಯಾವುದು ಬೇಕೋ ಅದು ತಾನಾಗಿ ಬಂದು ಆ ಮನೆಯ ತೊಲೆಯ ಮೇಲೆ ಕೂರುತ್ತಿತ್ತು. ಎಮ್ಮೆಗೆ ಹೊಟ್ಟೆಯುಬ್ಬರವಾದರೆ ದನದ ಮದ್ದಿನ ಪುಸ್ತಕ ಬರುತ್ತಿತ್ತು. ಬಾವಿ ತೋಡುವವನಿಗೆ ನೆಲದ ನೀರಿನ ಪುಸ್ತಕ ಬರುತ್ತಿತ್ತು. ನಕ್ಷತ್ರದ್ದು, ಹಡಗಿನದ್ದು, ಹಳೆಯ ಅರಸರ ಯುದ್ಧದ್ದು, ಸೋರೆಕಾಯಿ ಪಲ್ಯದ್ದು, ಎಲ್ಲವೂ ಇದ್ದವು. ಇವುಗಳ ನಡುವೆಯೇ ಕತೆಯ ಪುಸ್ತಕಗಳೂ ಹಾರಾಡುತ್ತಿದ್ದವು. ದೆವ್ವದ ಕತೆ, ಕಳ್ಳರ ಕತೆ, ಒಕ್ಕಣ್ಣಿನ ರಾಣಿಯ ಕತೆ, ಮದುವೆ ಒಲ್ಲೆನೆಂದು ಹಟ ಹಿಡಿದ ಮೊಸಳೆಯ ಕತೆ. ಪುಸ್ತಕಗಳು ಬಂದರೆ ಜೋಡಿಯಾಗಿಯೇ ಬರುತ್ತಿದ್ದವು, ತಿಳಿವಿನದೊಂದು, ಕತೆಯದೊಂದು.

ಓದಿ ಮುಗಿದರೆ ಕಿಟಕಿ ತೆಗೆದು ಬಿಟ್ಟುಬಿಡುತ್ತಿದ್ದರು. ಯಾರೂ ಕಟ್ಟಿಹಾಕುತ್ತಿರಲಿಲ್ಲ. ಯಾರೂ ಬಾಯಿಪಾಠವನ್ನೂ ಮಾಡುತ್ತಿರಲಿಲ್ಲ. "ಬೇಕಾದಾಗ ಬರುತ್ತದಲ್ಲ, ತಲೆಗೆ ಯಾಕೆ ತೊಂದರೆ" ಎನ್ನುವುದು ಅಲ್ಲಿಯವರ ರೂಢಿ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆ ಜನಕ್ಕೆ ರೆಕ್ಕೆಯ ಪುಸ್ತಕವೂ ಸಾಲದಾಯಿತು. "ನಾನು ಕೇಳಿದ್ದು ಎಮ್ಮೆಯ ಮದ್ದು, ಜೊತೆಗೆ ಮೊಸಳೆಯ ಕತೆ ಯಾಕೆ ಬಂತು?" ಎಂದು ಒಬ್ಬ ಗೊಣಗಿದ. "ಮಕ್ಕಳು ಸುಳ್ಳು ಓದಿ ಕೆಡುತ್ತವೆ" ಎಂದು ಇನ್ನೊಬ್ಬ ಗೊಣಗಿದ. ಗೊಣಗಾಟ ಗಾಳಿಯಲ್ಲಿ ಹೋಗಿ ಕರಿಗುಡ್ಡದ ಮೇಲಿದ್ದ ಶೋಧಕೇತು ಎಂಬ ಮಾಂತ್ರಿಕನ ಕಿವಿಗೆ ಬಿತ್ತು.

ಶೋಧಕೇತು ಬೆಳ್ಳಿಯ ಜರಡಿಯೊಂದನ್ನು ಹಿಡಿದು ಅರಮನೆಗೆ ಬಂದ. ಅಲ್ಲಿಯ ರಾಜ ಮಂದಾರಸೇನನಿಗೆ ಎಲ್ಲವೂ ಸಾಲಾಗಿ ಇರಬೇಕು. ತೋಟದ ನವಿಲುಗಳನ್ನೂ ಎತ್ತರ ನೋಡಿ ನಿಲ್ಲಿಸುತ್ತಿದ್ದ, ಅಂಥ ಪುಣ್ಯಾತ್ಮ.

"ಮಹಾರಾಜ, ನಿಮ್ಮ ರಾಜ್ಯದಲ್ಲಿ ನಿಜವೂ ಸುಳ್ಳೂ ಕಲಸಿಹೋಗಿವೆ. ಈ ಜರಡಿಯಲ್ಲಿ ನಿಜ ಮೇಲೆ ನಿಲ್ಲುತ್ತದೆ, ಸುಳ್ಳು ಕೆಳಗೆ ಉದುರುತ್ತದೆ. ಒಮ್ಮೆ ಜರಡಿ ಹಿಡಿದುಕೊಡಲೇ?" ಎಂದ ಶೋಧಕೇತು.

ರಾಜ ಕೈತಟ್ಟಿ ಒಪ್ಪಿದ. ಡಂಗುರ ಸಾರಿಸಿದ. ಜನ ಏನು ಮಾಡಿದರು ಗೊತ್ತೇ? ತಾವೇ ಪುಸ್ತಕಗಳನ್ನು ಹಿಡಿದು, ಬುಟ್ಟಿಯಲ್ಲಿ ಮುಚ್ಚಿ, ಹೊತ್ತು ತಂದು ಜರಡಿಗೆ ಸುರಿದರು. ಯಾರೂ ಅವರ ಕುತ್ತಿಗೆಗೆ ಕತ್ತಿ ಹಿಡಿದಿರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಜರಡಿ ಆಡಿತು. ತಿಳಿವಿನ ಪುಸ್ತಕಗಳು ಮೇಲೆ ನಿಂತವು, ಕತೆಯ ಪುಸ್ತಕಗಳು ಕೆಳಗೆ ಉದುರಿದವು. ಬೇರೆಯಾದ ಗಳಿಗೆಯಲ್ಲೇ ಎರಡರ ರೆಕ್ಕೆಯೂ ಕಳಚಿತು. ತಿಳಿವಿನವು ಕಲ್ಲಾದವು. ಕತೆಯವು ಹಗುರವಾಗಿ ಬೂದಿಯಾದವು. ಶೋಧಕೇತು ಎಲ್ಲವನ್ನೂ ಮೂಟೆ ಕಟ್ಟಿ, "ಜೋಪಾನ ಮಾಡುತ್ತೇನೆ" ಎಂದು ಕರಿಗುಡ್ಡಕ್ಕೆ ಸಾಗಿಸಿದ. ಅವನ ಗುಟ್ಟು ಇಷ್ಟೇ: ಯಾರೂ ಓದದೆ ಬಿದ್ದಿರುವ ಪ್ರತಿ ಪುಟಕ್ಕೂ ಅವನ ಆಯುಸ್ಸು ಒಂದು ದಿನ ಹೆಚ್ಚುತ್ತಿತ್ತು. ಬೊಚ್ಚುಬಾಯಿಯ ಮುದುಕ ವಾರ ಕಳೆಯುವುದರಲ್ಲಿ ಮೀಸೆ ತಿರುವುವ ಹುಡುಗನಾದ.

ಅರಮನೆ ಇದ್ದ ಊರಿನಲ್ಲೇ ದ್ಯಾವಕ್ಕ ಎಂಬವಳಿದ್ದಳು. ಎಮ್ಮೆ ಕಟ್ಟಿಕೊಂಡು ಮೊಸರು ಮಾರುತ್ತಿದ್ದಳು. ಮೂಗಿನ ತುದಿಯಲ್ಲೇ ಕೋಪ. ಅವಳ ಮೊಸರು ಸಿಹಿ, ಮಾತು ಹುಳಿ ಎಂದು ಜನ ಆಡಿಕೊಳ್ಳುತ್ತಿದ್ದರು. ಅವಳಿಗೆ ಇದ್ದವಳು ತಂಗಿ ಮುದ್ದವ್ವ ಒಬ್ಬಳೇ. ಮುದ್ದವ್ವ ತುಂಬು ಬಸುರಿ. ಒಂದು ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ಸೂಲಗಿತ್ತಿ ತೊಳಸವ್ವ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಆಮೇಲೆ ತಲೆಯೆತ್ತಿ ತೊಲೆ ನೋಡಿದಳು. ಮತ್ತೆ ನೋಡಿದಳು. ತೊಲೆ ಖಾಲಿ.

"ಏನವ್ವ ಮೇಲೆ ನೋಡ್ತೀಯ? ಕೂಸು ಇರೋದು ಕೆಳಗೆ!" ಎಂದಳು ದ್ಯಾವಕ್ಕ.

"ಕೂಸು ಅಡ್ಡ ಮಲಗೈತೆ ಕಣವ್ವ. ತಿರುಗ್ಸೋ ಬಗೆ ಹೆರಿಗೆ ಪುಸ್ತಕದಾಗೆ ಐತೆ. ಪ್ರತಿ ಸಲ ಅದು ಬತ್ತಿತ್ತು, ನೋಡ್ಕಂಡು ಮಾಡ್ತಿದ್ದೆ."

"ಇಷ್ಟು ವರ್ಷ ಮಾಡಿದ್ದೀಯಲ್ಲ, ತಲೇಲಿ ಒಂದಕ್ಷರನೂ ಉಳೀಲಿಲ್ವಾ?"

"ಬತ್ತದೆ ಅಂತ ಕುಂತಿದ್ದೆ ಕಣವ್ವ" ಎಂದು ತೊಳಸವ್ವ ಅತ್ತಳು. "ಸಂಜೆಗಂಟ ತಡೀತಾಳೆ. ಆಮೇಲೆ ತಾಯಿನೂ ಇಲ್ಲ, ಕೂಸೂ ಇಲ್ಲ."

ದ್ಯಾವಕ್ಕ ಸೆರಗು ಬಿಗಿದು ಹೊರಟಳು. ಮೊದಲು ಅರಮನೆಗೆ ನುಗ್ಗಿದಳು. ರಾಜ ಹಬ್ಬಕ್ಕೆಂದು ಮಾವಿನಹಣ್ಣುಗಳನ್ನು ಗಾತ್ರ ನೋಡಿ ಜೋಡಿಸುತ್ತಿದ್ದ.

"ಬುದ್ಧಿ, ಹೆರಿಗೆ ಪುಸ್ತಕ ಕೊಡ್ಸಿ. ನನ್ನ ತಂಗಿ ಸಾಯ್ತಾವಳೆ."

"ಹಬ್ಬ ಕಳೆಯಲಿ, ವಿಚಾರಿಸೋಣ" ಎಂದ ರಾಜ, ಹಣ್ಣಿನ ಸಾಲಿನಿಂದ ಕಣ್ಣು ತೆಗೆಯದೆ.

"ಹಬ್ಬ ಕಳೆದ್ಮೇಲೆ ಬಾ ಅಂತ ನೋವಿಗೆ ಹೇಳಿಬರ್ಲಾ?" ಎಂದು ಕೂಗಿ ದ್ಯಾವಕ್ಕ ಆ ಸಾಲನ್ನು ಒದ್ದಳು. ಮಾವಿನಹಣ್ಣು ಸಭೆಯ ತುಂಬ ಉರುಳಿದವು. ರಾಜ ಅವುಗಳ ಹಿಂದೆ ಓಡಿದ. ಅವಳು ಕರಿಗುಡ್ಡದ ಕಡೆ ಓಡಿದಳು.

ಕರಿಗುಡ್ಡಕ್ಕೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಕಬ್ಬಿಣದ ಹಲ್ಲಿನ ಹುಲಿ ಕೂತಿತ್ತು.

"ನಿಲ್ಲು! ನಾನು ಅಲ್ಲಗಳೆಯಲಾಗದ ಒಂದು ನಿಜ ಹೇಳು. ಹೇಳದಿದ್ದರೆ ನುಂಗುತ್ತೇನೆ" ಎಂದಿತು ಹುಲಿ.

ದ್ಯಾವಕ್ಕ ಅದರ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. "ನಿನ್ನ ಹಸಿವಿಗಿಂತ ನನ್ನ ಸಿಟ್ಟು ದೊಡ್ಡದು" ಎಂದಳು.

ಹುಲಿ ಅವಳ ಕಣ್ಣು ನೋಡಿತು. ಅಲ್ಲಗಳೆಯಲು ಬಾಯಿ ತೆರೆಯಿತು, ಆಗಲಿಲ್ಲ. ಬಾಲ ಮಡಚಿಕೊಂಡು ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಿಗೆ ಹೆಬ್ಬಾವೊಂದು ಸುತ್ತಿಕೊಂಡಿತ್ತು.

"ನಿಲ್ಲು! ನಾನು ನುಂಗಲಾಗದ ಒಂದು ಸುಳ್ಳು ಹೇಳು. ಹೇಳದಿದ್ದರೆ ನಿನ್ನನ್ನೇ ನುಂಗುತ್ತೇನೆ. ಎಷ್ಟೋ ಜನರ ಸುಳ್ಳು ನುಂಗಿದ್ದೇನೆ ನಾನು."

ದ್ಯಾವಕ್ಕನಿಗೆ ಯೋಚಿಸುವ ತಾಳ್ಮೆ ಎಲ್ಲಿತ್ತು? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ನಮ್ಮ ರಾಜ ಬಲು ಬುದ್ಧಿವಂತ!"

ಹೆಬ್ಬಾವು ಆ ಮಾತನ್ನು ನುಂಗಲು ಬಾಯಿ ಅಗಲಿಸಿತು. ಸಾಲಲಿಲ್ಲ. ಇನ್ನೂ ಅಗಲಿಸಿತು. ದವಡೆ ಕಳಚಿ ಅಲ್ಲೇ ಸಿಕ್ಕಿಕೊಂಡಿತು. ನೋವಿಗೆ ಅದರ ಸುರುಳಿ ಬಿಚ್ಚಿಹೋಯಿತು. ದ್ಯಾವಕ್ಕ ಅದನ್ನು ದಾಟಿ ಒಳಗೆ ಹೋದಳು.

ಮೂರನೆಯ ಬಾಗಿಲಲ್ಲಿ ಶೋಧಕೇತುವೇ ಜರಡಿ ಹಿಡಿದು ನಿಂತಿದ್ದ. ಅವನ ಬೆನ್ನ ಹಿಂದೆ ಒಂದು ಕಡೆ ಕಲ್ಲಿನ ರಾಶಿ, ಇನ್ನೊಂದು ಕಡೆ ಬೂದಿಯ ರಾಶಿ. ಹೊತ್ತು ಆಗಲೇ ಇಳಿಯುತ್ತಿತ್ತು.

"ಹೆರಿಗೆ ಪುಸ್ತಕ ಕೊಡೋ!" ಎಂದಳು ದ್ಯಾವಕ್ಕ.

"ಕೊಡುತ್ತೇನಮ್ಮ" ಎಂದ ಅವನು ನಗುತ್ತ. "ಈ ಜರಡಿಯಲ್ಲಿ ನಿಜ ಹೇಳಿದರೆ ನಿಲ್ಲುತ್ತದೆ, ಸುಳ್ಳು ಹೇಳಿದರೆ ಉದುರುತ್ತದೆ. ನಿಲ್ಲದ, ಉದುರದ ಮಾತು ಒಂದಿದ್ದರೆ ಹೇಳು. ಸಿಗದಿದ್ದರೆ ನೀನೂ ಇಲ್ಲೇ ಕಲ್ಲಾಗು. ನಿಧಾನ ಯೋಚಿಸು, ನನಗೆ ಬೇಕಾದಷ್ಟು ಹೊತ್ತಿದೆ."

ಅವನಿಗೆ ಹೊತ್ತಿತ್ತು, ಹೌದು. ಊರಿನ ಮಕ್ಕಳ ಓದನ್ನು ಕದ್ದು ಕೂಡಿಟ್ಟ ಹೊತ್ತು! ಅತ್ತ ಮುದ್ದವ್ವನಿಗೆ ಉಳಿದಿದ್ದ ಹೊತ್ತು ಸಂಜೆಯವರೆಗೆ ಮಾತ್ರ. ದ್ಯಾವಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರಿತು. ಒಗಟೇ ಮರೆತುಹೋಯಿತು. ನೆಲದ ಮಣ್ಣು ಬಾಚಿ ಜರಡಿಗೆ ತೂರಿ ಶಾಪ ಹಾಕಿದಳು.

"ನಿನ್ನ ಜರಡಿ ಹರಿದು ಚಿಂದಿಯಾಗಲೋ, ಪಾಪಿ!"

ಶಾಪ ಜರಡಿಯ ಮೇಲೆ ಬಿತ್ತು. ನಿಜವೆಂದು ನಿಲ್ಲಿಸಿಕೊಳ್ಳೋಣವೆಂದರೆ ಜರಡಿ ಇನ್ನೂ ಹರಿದಿರಲಿಲ್ಲ. ಸುಳ್ಳೆಂದು ಉದುರಿಸೋಣವೆಂದರೆ ಮುಂದೆ ಹರಿಯುವುದಿಲ್ಲವೆಂದು ಹೇಳುವವರು ಯಾರು? ಜರಡಿ ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಗಡಗಡ ನಡುಗಿತು. "ಹಿಂದಕ್ಕೆ ತಗೋ! ಆ ಮಾತು ಹಿಂದಕ್ಕೆ ತಗೋ!" ಎಂದು ಶೋಧಕೇತು ಕಿರುಚಿದ.

"ಸಾಯ್ತೀನೇ ಹೊರ್ತು ತಗೊಳಲ್ಲ!" ಎಂದಳು ದ್ಯಾವಕ್ಕ.

ಬೆಳ್ಳಿಯ ತಂತಿಗಳು ಎಳೆಎಳೆಯಾಗಿ ಕಿತ್ತುಬಂದವು. ಜರಡಿ ಹರಿದು ಚಿಂದಿಯಾಯಿತು. ಮಂತ್ರ ಮುರಿದದ್ದೇ ತಡ, ಎರಡೂ ರಾಶಿ ಕುಸಿದು ಒಂದರೊಳಗೊಂದು ಬೆರೆತವು. ಬೂದಿ ತಾಗಿದ ಕಲ್ಲು ಹಗುರವಾಯಿತು, ಕಲ್ಲು ತಾಗಿದ ಬೂದಿಗೆ ಮೈ ಬಂತು. ಎರಡಕ್ಕೂ ರೆಕ್ಕೆ ಮೂಡಿತು. ಸಾವಿರಾರು ಪುಸ್ತಕಗಳು ಒಟ್ಟಿಗೇ ಎದ್ದು ಆಕಾಶ ಮುಚ್ಚಿದವು.

ಊರಿನ ಮೇಲೆ ಪುಸ್ತಕದ ಹಿಂಡು ಇಳಿಯಿತು. ಜನ ಬೀದಿಯಲ್ಲಿ, ಕೊಟ್ಟಿಗೆಯಲ್ಲಿ, ಕಟ್ಟೆಯ ಮೇಲೆ ನಿಂತಲ್ಲೇ ಹಿಡಿದು ಓದತೊಡಗಿದರು. ಅಲ್ಲಿ ಒಂದೊಂದು ಪುಟ ಓದಿದಂತೆ ಇಲ್ಲಿ ಶೋಧಕೇತುವಿನ ಒಂದೊಂದು ದಿನ ಇಳಿಯಿತು. ಮೀಸೆ ಉದುರಿತು, ಹಲ್ಲು ಉದುರಿತು, ಬೆನ್ನು ಬಾಗಿತು. ಕೊನೆಗೆ ಉಳಿದದ್ದು ಒಂದು ಹಿಡಿ ಹೊಟ್ಟು. ಅದನ್ನು ದ್ಯಾವಕ್ಕ ನೋಡಲೂ ನಿಲ್ಲಲಿಲ್ಲ. ಎಲ್ಲಕ್ಕಿಂತ ದೊಡ್ಡದಾದ ಹಡಗಿನ ಪುಸ್ತಕ ಬೆನ್ನು ಬಗ್ಗಿಸಿತು. ಅವಳು ಅದನ್ನು ಹತ್ತಿ ಮನೆಗೆ ಹಾರಿದಳು.

ಆಮೇಲೆ ಆ ರಾಜ್ಯ ಸರಿಹೋಯಿತು. ಜನ ತಲೆತಗ್ಗಿಸಿಕೊಂಡು ದ್ಯಾವಕ್ಕನ ಬಾಗಿಲಿಗೆ ಬಂದರು. ಅವಳು ಮೊಸರಿನ ಕುಡಿಕೆಯನ್ನು ನೆಲಕ್ಕೆ ಕುಕ್ಕಿ ಬೈದಳು. "ಬುಟ್ಟೀಲಿ ಹೊತ್ಕೊಂಡೋಗಿ ಸುರಿದವರು ನೀವೇ ಕಣ್ರೋ! ಮಾಂತ್ರಿಕ ನಿಮ್ಮನೆಗೆ ಬಂದು ಕದೀಲಿಲ್ಲ!" ಅಂದಿನಿಂದ ಪ್ರತಿ ಮನೆಯವರೂ ತಮಗೆ ಬೇಕಾದ ಪುಸ್ತಕವನ್ನು ಓದಿ ಬಾಯಿಪಾಠವನ್ನೂ ಮಾಡಿದರು. ರಾಜ ಮಂದಾರಸೇನ ದಿನವೂ ಸಂತೆಯ ಕಟ್ಟೆಯ ಮೇಲೆ ಕೂತು ಕೈಗೆ ಸಿಕ್ಕ ಪುಸ್ತಕವನ್ನು ಗಟ್ಟಿಯಾಗಿ ಓದಬೇಕೆಂದು ಊರೇ ಕಟ್ಟಳೆ ಮಾಡಿತು. ಓದುತ್ತ ಓದುತ್ತ ಅವನಿಗೂ ಅಷ್ಟಿಷ್ಟು ಬುದ್ಧಿ ಬಂತು. ಹೀಗೆ ಕಡವೆಪಟ್ಟಣದವರೆಲ್ಲ ಉಂಡುಟ್ಟು, ಓದಿ, ಕೇಳಿ, ಸುಖವಾಗಿ ಬಾಳಿದರು.

ಅದೆಲ್ಲ ಆಮೇಲಿನ ಮಾತು. ಆ ದಿನ ದ್ಯಾವಕ್ಕ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಹೆರಿಗೆ ಪುಸ್ತಕ ಅವಳಿಗಿಂತ ಮುಂಚೆಯೇ ಬಂದಿತ್ತು. ತೊಳಸವ್ವ ಅದನ್ನು ತೆರೆದಿಟ್ಟು ಕೈಗೆ ಎಣ್ಣೆ ಸವರುತ್ತಿದ್ದಳು. ಮುದ್ದವ್ವ ಮಾತ್ರ ಕಣ್ಣು ಮುಚ್ಚುತ್ತಿದ್ದಳು.

"ಅಕ್ಕಾ, ಸಾಕು ಕಣೆ. ನನ್ನ ಕೈಲಾಗಲ್ಲ. ಬಿಟ್ಬಿಡ್ತೀನಿ."

ತೊಲೆಯಿಂದ ಇನ್ನೊಂದು ಪುಸ್ತಕ ಇಳಿದು, ತಂಗಿಯ ಪಕ್ಕ ಕುಸಿದು ಕುಳಿತ ದ್ಯಾವಕ್ಕನ ತೊಡೆಯ ಮೇಲೆ ಕೂತಿತು. ಕತೆಯ ಪುಸ್ತಕ. ಬಾವಿಯ ತಳದಲ್ಲಿ ಅರಮನೆ ಕಂಡ ಅಗಸಗಿತ್ತಿಯ ಕತೆ. ದ್ಯಾವಕ್ಕ ಅಳುತ್ತಲೇ ಓದಿದಳು. ಅಗಸಗಿತ್ತಿ ಬಾವಿಗೆ ಇಳಿದಳು. ನೀರಿನೊಳಗೆ ಬೀದಿ ಇತ್ತು. ಬೀದಿಯ ಕೊನೆಗೆ ಅರಮನೆ ಇತ್ತು. ಅವಳು ಬಾಗಿಲು ತಟ್ಟಿದಳು, ಒಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕರೆದರು.

ದ್ಯಾವಕ್ಕ ಓದು ನಿಲ್ಲಿಸಿದಳು.

ಮುದ್ದವ್ವ ಕಣ್ಣು ತೆರೆದಳು. "ಯಾರು?"

"ಉಸಿರು ಎಳ್ಕೊ, ಹೇಳ್ತೀನಿ."

ಮುದ್ದವ್ವ ಉಸಿರು ಎಳೆದುಕೊಂಡಳು. ತೊಳಸವ್ವ ಪುಸ್ತಕ ನೋಡಿ ಕೈ ಇಟ್ಟಳು, ಒತ್ತಿದಳು, ತಿರುಗಿಸಿದಳು. ಒಂದು ಸಾಲು ಕತೆ, ಒಂದು ನೋವು. ಇನ್ನೊಂದು ಸಾಲು, ಇನ್ನೊಂದು ನೋವು. ಪ್ರತಿ ನೋವಿನ ಕೊನೆಗೂ ಮುದ್ದವ್ವ "ಆಮೇಲೆ?" ಎನ್ನುತ್ತಿದ್ದಳು. ಅಗಸಗಿತ್ತಿ ಅರಮನೆಯ ಒಳಬಾಗಿಲಿಗೆ ಕೈ ಹಾಕುವ ಹೊತ್ತಿಗೆ ಹೆಣ್ಣುಕೂಸು ಹೊರಗೆ ಬಂದು, ದೊಡ್ಡಮ್ಮನಷ್ಟೇ ಸಿಟ್ಟಿನಿಂದ ಚೀರಿತು.

ತೊಳಸವ್ವ ಕೂಸನ್ನು ತೊಳೆದು ತಾಯಿಯ ಎದೆಯ ಮೇಲೆ ಮಲಗಿಸಿದಳು. ಮುದ್ದವ್ವ ಕೂಸಿನ ಬೆನ್ನ ಮೇಲೆ ಕೈಯಿಟ್ಟು ಅಕ್ಕನ ಕಡೆ ತಿರುಗಿದಳು.

"ಅಕ್ಕಾ, ಯಾಕೆ ನಿಲ್ಸಿದೆ? ಮುಂದಕ್ಕೆ ಓದು. ಇವಳೂ ಕೇಳಲಿ."