ಕೆಳಗಿನ ಕರಿ ಪಟ್ಟಿ

“ಎಂಟನೇ ಇಯತ್ತೆ ದಾಟದ ಕೇಬಲ್ ಹುಡುಗ ನನಗೆ ಪಾಠ ಹೇಳ್ತಾನೆ, ನೋಡಿ! ಕಂಬ ಹತ್ತಿ ತಂತಿಗೆ ಟೇಪ್ ಸುತ್ತಿದ ಹಾಗೆ ಅಂದುಕೊಂಡೆಯೇನಪ್ಪಾ ಇದನ್ನ?”

ವಿಜ್ಞಾನಿ ಡಾ. ವಿರೂಪಾಕ್ಷ ಹಂಪಿಹೊಳಿ ಮೈಕಿನಲ್ಲೇ ಹೀಗೆ ಕೇಳಿದಾಗ ಅಂಬಿಗರ ಓಣಿಯ ಸಮುದಾಯ ಭವನ ಹೋ ಎಂದು ನಕ್ಕಿತು. ಯಮನೂರ ಹೆಗಲಿನ ಚೀಲ ಹಿಡಿದು ನಿಂತೇ ಇದ್ದ. ನಕ್ಕವರೆಲ್ಲ ಅವನು ಹದಿನಾಲ್ಕನೇ ವಯಸ್ಸಿನಿಂದ ಮಳೆ-ಬಿಸಿಲೆನ್ನದೆ ಮನೆಮನೆಗೆ ತಂತಿ ಎಳೆದುಕೊಟ್ಟ ಜನ.

ಗೋಡೆಯ ಮೇಲೆ ‘ಹಿತದರ್ಶಿ’ ತನ್ನ ಕೆಲಸ ತೋರಿಸುತ್ತಿತ್ತು. ೨೦೬೧ರ ಹೊಸ ಟಿವಿ ಪೆಟ್ಟಿಗೆ. ಅಂಗೈಯಗಲ, ನಡುವೆ ಒಂದು ಸಣ್ಣ ಕಣ್ಣು. ಎದುರು ಕೂತವರ ಕೆನ್ನೆಗೆ ಏರುವ ರಕ್ತವನ್ನೂ ಬಿಗಿಯುವ ಹುಬ್ಬನ್ನೂ ಆ ಕಣ್ಣು ಅಳೆಯುತ್ತದೆ. ಮನಸ್ಸಿಗೆ ಒಗ್ಗದ್ದನ್ನು ಅರೆಕ್ಷಣದಲ್ಲಿ ಅಳಿಸಿ, ಹಿತವಾದ ಚಿತ್ರ ಕಟ್ಟಿಕೊಡುತ್ತದೆ. ಮನೆಯ ಫೋನುಗಳಿಗೆ ಬರುವುದೂ ಅದರ ಜರಡಿ ದಾಟಿಯೇ ಬರಬೇಕು. ಈಗಷ್ಟೇ ಧಾರಾವಾಹಿಯ ಅತ್ತೆ ಸೊಸೆಯ ಮೇಲೆ ಕೈ ಎತ್ತಿದ್ದಳು. ಮುಂದಿನ ಸಾಲಿನ ಫಕೀರವ್ವನ ಹುಬ್ಬು ಗಂಟಿಕ್ಕಿದ್ದೇ ತಡ, ಅದೇ ಕೈ ಸೊಸೆಯ ಜಡೆಗೆ ಮಲ್ಲಿಗೆ ಮುಡಿಸಿತ್ತು.

“ನಲವತ್ತು ವರ್ಷದ ಹಿಂದೆ ಜನ ಫೋನಿನಲ್ಲಿ ಬೇಡದ್ದನ್ನೆಲ್ಲ ಬೆರಳಿನಿಂದ ಮೇಲಕ್ಕೆ ಸರಿಸುತ್ತಿದ್ದರಲ್ಲ, ಆ ಕೋಟಿ ಕೋಟಿ ಬೆರಳುಗಳೇ ಇದರ ಮೇಷ್ಟ್ರು,” ಎಂದು ಡಾಕ್ಟರು ವಿವರಿಸಿದ್ದರು.

ಆಗಲೇ ಯಮನೂರ ಎದ್ದು ಕೇಳಿದ್ದು: “ಸರ, ಕೆಳಗಿನ ಪಟ್ಟಿನೂ ಇದು ತಗದ ಹಾಕ್ತದೇನ್ರಿ?”

ಆ ಪಟ್ಟಿ ಅವನ ಅಪ್ಪ ಕೇಬಲ್ ನಡೆಸುವಾಗ ಹಾಕಿದ್ದು. ಯಾವ ಚಿತ್ರವೇ ಇರಲಿ, ಪರದೆಯ ಬುಡದಲ್ಲಿ ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಸರಿಯುತ್ತಿದ್ದವು: ಯಾರು ತೀರಿಕೊಂಡರು, ಯಾರ ಎಮ್ಮೆ ತಪ್ಪಿಸಿಕೊಂಡಿತು, ಮೇಲಿನ ಆಣೆಕಟ್ಟಿನಿಂದ ಹೊಳೆಗೆ ಎಷ್ಟು ನೀರು ಬಿಟ್ಟರು. ಎಲ್ಲರೂ ಅದನ್ನು ಬೈಯುತ್ತಿದ್ದರು, ಎಲ್ಲರೂ ಓದುತ್ತಿದ್ದರು.

“ಎಚ್ಚರಿಕೆ ಬಂದೇ ಬರುತ್ತದಪ್ಪಾ. ನೋಡುವವರ ಮನಸ್ಸು ಕದಡದ ಹಾಗೆ ಬರುತ್ತದೆ, ಅಷ್ಟೇ.”

“ಹೊಳಿ ಏರಿ ಬಂದ್ರ ಮನಸ್ಸು ಕದಡಬೇಕ್ರೀ ಸರ! ಇಲ್ಲಾಂದ್ರ ಯಾರ್ ಏಳ್ತಾರ?”

ಅದಕ್ಕೇ ಡಾಕ್ಟರು ಎಂಟನೇ ಇಯತ್ತೆಯ ಮಾತು ತೆಗೆದದ್ದು.

ಫಕೀರವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಬ್ಯಾಸರ ಮಾಡ್ಕೋಬ್ಯಾಡೋ ತಮ್ಮಾ. ನಿನ್ನ ಸಾವಿನ ಪಟ್ಟಿ ಓದೂದು ತಪ್ಪಿತಲ್ಲ, ಪುಣ್ಯಾ ಬಂತು!”

ಚೀಲದಲ್ಲಿದ್ದದ್ದನ್ನು ಯಮನೂರ ತೋರಿಸಲೇ ಇಲ್ಲ.

ಮುಂದಿನ ವಾರ ಮೂವತ್ತೆರಡು ಮನೆಗೂ ಹಿತದರ್ಶಿ ಕೂರಿಸಿದವನು ಅವನೇ. ಓಣಿಯ ತಂತಿ ಬಲ್ಲವನು ಬೇರೆ ಯಾರಿದ್ದರು? ಪ್ರತಿ ಮನೆಯಲ್ಲೂ ಕೈ ಚೀಲಕ್ಕೆ ಹೋಗುತ್ತಿತ್ತು. ಪ್ರತಿ ಮನೆಯಲ್ಲೂ ಆ ನಗೆ ಕಿವಿಗೆ ಬಡಿಯುತ್ತಿತ್ತು. ನಕ್ಕರಲ್ಲ, ನೋಡಲಿ ಹಿತವಾದದ್ದನ್ನೇ. ಕೊನೆಗೆ ಅಂಗಡಿಗೆ ಬಂದು ಚೀಲವನ್ನು ಮೊಳೆಗೆ ನೇತುಹಾಕಿದ.

ಶ್ರಾವಣದ ಒಂದು ಮಧ್ಯಾಹ್ನ ಆಣೆಕಟ್ಟಿನ ಗೇಟುಗಳೆಲ್ಲ ತೆರೆದವು. ‘ತಕ್ಷಣ ಮನೆ ಬಿಡಿ’ ಎಂಬ ಕೆಂಪು ಅಕ್ಷರ ಎಲ್ಲ ಪರದೆಗೂ ಹೊರಟಿತು. ಓಣಿಯಲ್ಲಿ ಹುಬ್ಬುಗಳು ಬಿಗಿದವು. ಪೆಟ್ಟಿಗೆಗಳು ತಾವು ಕಲಿತದ್ದನ್ನು ಮಾಡಿದವು. ಕೆಂಪು ತಿಳಿಯಾಯಿತು, ಅಕ್ಷರ ಕರಗಿತು, ದೀಪ ತೇಲುವ ಶಾಂತ ಹೊಳೆಯೊಂದು ಹಾಡಿನ ಜೊತೆ ಹರಿಯಿತು.

ಹಿತದರ್ಶಿ ಇಲ್ಲದ ತನ್ನ ಅಂಗಡಿಯ ಪರದೆಯಲ್ಲಿ ಕೆಂಪು ಅಕ್ಷರ ಓದಿದ ಯಮನೂರ ಬಾಗಿಲು ಬಾಗಿಲು ಬಡಿಯುತ್ತ ಓಡಿದ. “ಏಳ್ರಿ! ನೀರು ಬರಾಕತ್ತೈತಿ!”

“ಟಿವ್ಯಾಗ ಏನೂ ಬಂದಿಲ್ಲಲ್ಲೋ,” ಎಂದಳು ಫಕೀರವ್ವ, ಪರದೆಗೆ ಬೆರಳು ಮಾಡಿ. “ಹೊಳಿ ನೋಡ, ಹೆಂಗ ತಣ್ಣಗೈತಿ. ನಿನ್ನ ಸಿಟ್ಟು ಇನ್ನಾ ಇಳಿದಿಲ್ಲೇನು?”

ರಟ್ಟೆ ಹಿಡಿದು ಎಳೆದರೆ ಕೊಸರಿಕೊಂಡಳು. ಇನ್ನೂ ಹನ್ನೆರಡು ಮನೆ ಉಳಿದಿದ್ದವು. ಅವನು ಮುಂದೆ ಓಡಿದ. ಹೊಳೆದಂಡೆಯ ತಡೆಗೋಡೆ ಒಡೆದದ್ದು ಆಮೇಲೆ.

ಹತ್ತೊಂಬತ್ತು ಹೆಣ ಸಿಕ್ಕವು. ಫಕೀರವ್ವನದೂ ಅವುಗಳಲ್ಲಿ ಒಂದು.

ನಾಲ್ಕನೇ ದಿನ ಸಂತ್ರಸ್ತರಿದ್ದ ಶಾಲೆಗೆ ಡಾ. ಹಂಪಿಹೊಳಿ ಬಂದರು. ಪ್ಯಾಂಟು ಮೊಣಕಾಲವರೆಗೆ ಕೆಸರು. ಯಮನೂರನತ್ತ ಕೈ ಮಾಡಿ ಎಲ್ಲರೆದುರೇ ಅಂದರು: “ಅವತ್ತು ಇವನ ಮಾತು ಕೇಳಬೇಕಿತ್ತು. ತಪ್ಪು ನನ್ನದು. ಆ ಪಟ್ಟಿ ಜರಡಿಗೆ ಸಿಗದ ಹಾಗೆ ತರೋಕೆ ದಾರಿ ಇದೆಯೇನಪ್ಪಾ?”

ನೀರಿಳಿದ ಮೇಲೆ ಅಂಗಡಿಯ ಮೊಳೆಯಿಂದ ಬಿಡಿಸಿ ತಂದಿದ್ದ ಚೀಲವನ್ನು ಯಮನೂರ ಬೆಂಚಿನ ಮೇಲೆ ಸುರಿದ. ಕಡ್ಡಿಪೆಟ್ಟಿಗೆಯಷ್ಟೇ ಗಾತ್ರದ ಮೂವತ್ತೆರಡು ಬಿಲ್ಲೆಗಳು. ತಂತಿಗೂ ಪರದೆಗೂ ನಡುವೆ ಸಿಕ್ಕಿಸಿದರೆ ಸಾಕು, ಕರಿ ಪಟ್ಟಿ ಯಾವ ಜರಡಿಯನ್ನೂ ಮುಟ್ಟದೆ ಬರುತ್ತದೆ. ಡಾಕ್ಟರು ಒಂದನ್ನು ತಿರುಗಿಸಿ ನೋಡಿದರು.

“ಯಾವಾಗ ಮಾಡಿದೆ ಇವನ್ನ?”

“ನಿಮ್ಮ ಸಭಾಕ್ಕ ಬರೂ ಮೊದಲ.”

ಫಕೀರವ್ವನ ಸೊಸೆ ರೇಣವ್ವ ಹತ್ತಿರ ಬಂದು ಬಿಲ್ಲೆಗಳನ್ನು ಒಂದೊಂದೇ ಸರಿಸಿದಳು. ಪ್ರತಿಯೊಂದರ ಮೇಲೂ ಅವನ ಸೊಟ್ಟ ಅಕ್ಷರದಲ್ಲಿ ಮನೆಯ ಹೆಸರು. ತಮ್ಮದು ಸಿಕ್ಕಿತು.

“ಅತ್ತೀ ಹೆಸರಿಲೆನೂ ಒಂದು ಮಾಡಿದ್ದಿ,” ಎಂದಳು. “ನಮ್ಮ ಮನೀಗೆ ನೀನ ಬಂದಿದ್ದಿ, ಚಾ ಕುಡದಿದ್ದಿ. ಯಾಕ ಹಚ್ಚಲಿಲ್ಲೋ ತಮ್ಮಾ?”

ಶಾಲೆಯ ಗೋಡೆಯಲ್ಲೂ ಒಂದು ಹಿತದರ್ಶಿ ಇತ್ತು. ಅವಳ ಮುಖ ಅದರ ಕಣ್ಣಿಗೆ ಬಿದ್ದಿರಬೇಕು, ಸುದ್ದಿ ಓದುತ್ತಿದ್ದದ್ದು ನಿಲ್ಲಿಸಿ ಜೋಗುಳ ಶುರು ಮಾಡಿತು. ಒಂದಿಬ್ಬರು ಅತ್ತ ತಿರುಗಿದರು.

ಯಮನೂರ ಬರಿದಾದ ಚೀಲ ಹೆಗಲಿಗೇರಿಸಿದ. ಚಾಪೆಗಳ ನಡುವೆ ಹಾದು, ಬಾಗಿಲು ದಾಟಿ, ತಿರುಗಿ ನೋಡದೆ ನಡೆದ.