ಅಂಚು ಹುಡುಕುವ ಬೆರಳು

ಬಾಗಿಲ ಮೇಲಿನ ದೀಪ ಹಸಿರಾಯಿತು. ಅದರ ಕೆಳಗಿನ ಪುಟ್ಟ ಪರದೆಯಲ್ಲಿ ತೊಂಬತ್ತಾರು ಎಂಬ ಅಂಕಿ ಮೂಡಿತು. ಬಾಗಿಲು ತೆರೆದುಕೊಂಡಿತು. ಐವತ್ತೆಂಟರ ಆಸುಪಾಸಿನ ಹೆಂಗಸೊಬ್ಬಳು ಪರೀಕ್ಷಾ ಕೊಠಡಿಯೊಳಗೆ ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಯ ಪಕ್ಕ ನಿಂತಳು.

ಒಳಗೆ ಕುಳಿತಿದ್ದ ಡಾ. ರುಕ್ಮಾಂಗದ ಪರದೆಯನ್ನು ನೋಡಿದರು, ಹೆಂಗಸನ್ನು ನೋಡಿದರು, ಕಡೆಗೆ ವಿದ್ಯಾರ್ಥಿನಿ ಮೇದಿನಿಯನ್ನು ನೋಡಿದರು. ಮೂರನೆಯ ನೋಟ ಬಹಳ ಹೊತ್ತು ಕದಲಲಿಲ್ಲ.

ಆ ಬಾಗಿಲಿನ ಕ್ಯಾಮೆರಾ ಅವರದೇ ಸೃಷ್ಟಿ. ಹೆಸರು ಜೀವದರ್ಶಿ. ಹೃದಯ ಬಡಿದಾಗಲೆಲ್ಲ ಮುಖದ ಚರ್ಮದಡಿಯಲ್ಲಿ ರಕ್ತ ತುಸು ಏರಿ ಇಳಿಯುತ್ತದೆ. ಚರ್ಮದ ಬಣ್ಣವೂ ಅದರೊಂದಿಗೆ ಕೂದಲೆಳೆಯಷ್ಟು ಬದಲಾಗುತ್ತದೆ. ನಮ್ಮ ಕಣ್ಣಿಗೆ ಕಾಣದ ಈ ಬದಲಾವಣೆಯನ್ನು ಜೀವದರ್ಶಿ ಕಂಡು, ಮುಖ ಎಷ್ಟು ನಿಜವೆಂದು ನೂರಕ್ಕೆ ಅಂಕ ಕೊಡುತ್ತದೆ. ಸಿಲಿಕೋನಿನ ಮುಖವಾಡದಲ್ಲಿ ರಕ್ತವಿಲ್ಲ, ಆದ್ದರಿಂದ ಬದಲಾವಣೆಯೂ ಇಲ್ಲ. ಪರರ ಮುಖ ತೊಟ್ಟು ಬ್ಯಾಂಕುಗಳನ್ನು ವಂಚಿಸುವುದು ಹೆಚ್ಚಾದ ಕಾಲದಲ್ಲಿ ಈ ಕ್ಯಾಮೆರಾ ಬಂತು. ಬ್ಯಾಂಕಿನಿಂದ ಆಸ್ಪತ್ರೆಗೆ, ಅಲ್ಲಿಂದ ಚಾಲಕನಿಲ್ಲದ ನಗರ ಬಸ್ಸುಗಳ ಬಾಗಿಲಿಗೆ ಹಬ್ಬಿತು.

ಮೈಸೂರಿನ ಈ ಮುಖಶಿಲ್ಪ ಮತ್ತು ಛಾಯಾಗ್ರಹಣ ಸ್ನಾತಕೋತ್ತರ ವಿಭಾಗದ ಮೇಲೆ ಮಾತ್ರ ಎಲ್ಲರಿಗೂ ಅನುಮಾನ ಉಳಿದೇ ಇತ್ತು. ಮುಖ ಮಾಡಲು ಕಲಿಸುವ ಜಾಗವಲ್ಲವೇ? ಅದಕ್ಕೇ ಕೊನೆಯ ಪರೀಕ್ಷೆಗೆ ರುಕ್ಮಾಂಗದರು ಒಂದು ಕಟ್ಟಳೆ ತಂದಿದ್ದರು. ವಿದ್ಯಾರ್ಥಿ ತಾನು ಮಾಡಿದ ಮುಖವನ್ನು ಒಬ್ಬರಿಗೆ ತೊಡಿಸಿ ಈ ಬಾಗಿಲು ದಾಟಿಸಬೇಕು. ತೊಡಿಸುವ ಮೊದಲು ಮತ್ತು ನಂತರ, ಒಂದೇ ಬೆಳಕಿನಲ್ಲಿ ತೆಗೆದ ಎರಡು ಚಿತ್ರಗಳನ್ನು ಲಕೋಟೆಯಲ್ಲಿ ಕೊಡಬೇಕು. ಮುಖವಾಡವನ್ನು ಕಡ್ಡಾಯವಾಗಿ ಪರೀಕ್ಷಕರಿಗೆ ಒಪ್ಪಿಸಬೇಕು. ಅದನ್ನು ಅವರು ಜೀವದರ್ಶಿಗೆ ಪಾಠವಾಗಿ ಉಣಿಸುತ್ತಿದ್ದರು. ಮರುದಿನದಿಂದ ಅಂಥ ಮುಖವಾಡ ನಾಡಿನ ಯಾವ ಬಾಗಿಲಲ್ಲೂ ನಡೆಯುತ್ತಿರಲಿಲ್ಲ.

ಆರು ವರ್ಷಗಳಲ್ಲಿ ಯಾರೂ ನಲವತ್ತು ಅಂಕ ದಾಟಿರಲಿಲ್ಲ.

"ಮೊದಲಿನ ಚಿತ್ರ ಎಲ್ಲಮ್ಮ?" ರುಕ್ಮಾಂಗದರು ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದರು. ಒಂದೇ ಚಿತ್ರ ಬಿತ್ತು.

ಮೇದಿನಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಅವರು ಎದ್ದು ಹೆಂಗಸಿನ ಬಳಿ ಹೋದರು. ಕಿವಿಯ ಹಿಂದೆ, ಗದ್ದದ ಕೆಳಗೆ, ಕೂದಲಿನ ಬುಡದಲ್ಲಿ ಬೆರಳಾಡಿಸಿದರು. ಎಷ್ಟೇ ನುರಿತವರ ಕೆಲಸವಾದರೂ ಮುಖವಾಡಕ್ಕೆ ಒಂದು ಅಂಚು ಇದ್ದೇ ಇರುತ್ತದೆ. ಅವರ ಬೆರಳಿಗೆ ಅದು ಸಿಗಲಿಲ್ಲ.

"ನಿಮ್ಮ ಹೆಸರೇನು?"

"ಚೆನ್ನಾಜಮ್ಮ ಸ್ವಾಮಿ. ಇಲ್ಲೇ ಹಾಸ್ಟೆಲ್ಲಲ್ಲಿ ಪಾತ್ರೆ ತೊಳೀತೀನಿ."

"ಮುಖದ ಮೇಲೆ ಏನು ಹಾಕಿದಾಳೆ ಈ ಹುಡುಗಿ?"

ಚೆನ್ನಾಜಮ್ಮ ಮೇದಿನಿಯತ್ತ ನೋಡಿದಳು. ಮೇದಿನಿ ಹೇಳಬೇಡವೆಂಬಂತೆ ತಲೆಯನ್ನು ಸಣ್ಣಗೆ ಅಲ್ಲಾಡಿಸಿದಳು. ರುಕ್ಮಾಂಗದರು ಅದನ್ನು ಗಮನಿಸಿದರು.

"ಓಹೋ, ಹೀಗೋ ವಿಷಯ! ಏನೂ ಹಾಕಿಲ್ಲ. ಪಾತ್ರೆ ತೊಳೆಯೋರನ್ನ ಹಾಗೇ ಕರ್ಕೊಂಡು ಬಂದು ನಿಲ್ಲಿಸಿದೀಯ, ನನ್ನ ಕ್ಯಾಮೆರಾ ಸರಿಯಾಗೇ ಹೇಳಿದೆ. ಜಾಣೆ ಕಣಮ್ಮ! ಈಗ ಬಾಯಿಬಿಟ್ಟು ಹೇಳು. ಮುಖವಾಡ ಇದ್ದರೆ ತೆಗೆದುಕೊಡು, ನೀನೇ ಪ್ರಥಮ. ಇಲ್ಲದಿದ್ದರೆ ಮೋಸ ಮಾಡಿದೆ ಅಂತ ಬರೆದು ಸಹಿ ಹಾಕು. ಎರಡು ವರ್ಷದ ಓದು ಇಲ್ಲಿಗೇ ಮುಗೀತು."

ಅವರು ಕಾಗದ ಮತ್ತು ಪೆನ್ನನ್ನು ಮೇಜಿನ ಈಚೆಗೆ ತಳ್ಳಿದರು.

ಮೊದಲಿನ ಚಿತ್ರ ಮೇದಿನಿಯ ಕೈಚೀಲದಲ್ಲೇ ಇತ್ತು. ಅದರಲ್ಲಿ ಚೆನ್ನಾಜಮ್ಮನ ಎಡಗೆನ್ನೆ, ಹಣೆಯ ಅರ್ಧ, ಕತ್ತಿನವರೆಗೂ ಸುಟ್ಟು ಗಟ್ಟಿಯಾದ ಚರ್ಮ. ಊದುಬತ್ತಿ ಗೋದಾಮಿನ ಬೆಂಕಿ ಅದು. ಅಂಥ ಚರ್ಮದಲ್ಲಿ ರಕ್ತದ ಓಡಾಟ ತೀರ ಕಡಿಮೆ. ಬಸ್ಸಿನ ಜೀವದರ್ಶಿ ಅವಳನ್ನು ನೋಡಿದಾಗಲೆಲ್ಲ ಮುಖವಾಡ ಎಂದು ಕೂಗಿ ಬಾಗಿಲು ಮುಚ್ಚುತ್ತಿತ್ತು. ಬೇಡಿಕೊಳ್ಳಲು ಒಳಗೆ ಚಾಲಕನೂ ಇಲ್ಲ, ಕಂಡಕ್ಟರೂ ಇಲ್ಲ. ಅರ್ಜಿ ಹಾಕಿದಾಗ ಕಚೇರಿಯಿಂದ ಉತ್ತರ ಬಂದಿತ್ತು: ನಿಜವಾದ ಮುಖದೊಂದಿಗೆ ಹಾಜರಾಗತಕ್ಕದ್ದು. ಎರಡು ವರ್ಷಗಳಿಂದ ಅವಳು ಕೆಲಸಕ್ಕೆ ಹೋಗಿಬರಲು ಪೇಟೆ ಬಿಟ್ಟು ಒಳದಾರಿಯಲ್ಲಿ ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡೆಯುತ್ತಿದ್ದಳು.

ಅಂದು ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಬಂದಿದ್ದರು. ಚೆನ್ನಾಜಮ್ಮ ಕಿಟಕಿಗೆ ಹಣೆ ಆನಿಸಿ ಕೂತು, "ಅಂಗಡಿಗಳೆಲ್ಲ ಅವೇ ಅವೆ ಕಣವ್ವ, ಬೋರ್ಡು ಮಾತ್ರ ಬದ್ಲಾಗವೆ," ಎಂದಳು. ಇಳಿಯುವಾಗ, "ನಾಳೆ ಒಂಟ್ಕೊಪ್ಪಲು ಕಡೆ ಹೋಗ್ಬರ್ತೀನಿ, ತಂಗಿ ಮನೆ. ಎಷ್ಟು ದಿನ ಆಯ್ತೋ," ಎಂದೂ ಹೇಳಿದಳು. ಮುಖವಾಡ ಒಪ್ಪಿಸಿದರೆ ಆ ನಾಳೆ ಇರುವುದಿಲ್ಲ. ಇನ್ನೊಂದು ಮಾಡಿಕೊಟ್ಟರೂ ಜೀವದರ್ಶಿ ಅಷ್ಟರೊಳಗೆ ಅದನ್ನು ಕಲಿತಿರುತ್ತದೆ. ಬಸ್ ನಿಲ್ದಾಣದಲ್ಲೇ ಮೇದಿನಿ ಲಕೋಟೆಯಿಂದ ಮೊದಲಿನ ಚಿತ್ರವನ್ನು ತೆಗೆದಿದ್ದಳು.

ಈಗ ಅವಳು ಪೆನ್ನು ಹಿಡಿದಳು.

"ಏನ್ ಬರೀತಿದೀಯವ್ವ?" ಚೆನ್ನಾಜಮ್ಮ ಕೇಳಿದಳು.

"ಏನಿಲ್ಲ, ನೀವು ಸುಮ್ನಿರಿ."

"ಮೋಸ ಅಂತ ಬರೀತಿದೀಯ? ಇಪ್ಪತ್ತು ನಿಮ್ಷ ಮೂಗಲ್ಲಿ ಮಾತ್ರ ಉಸ್ರಾಡ್ಕೊಂಡು, ಅಚ್ಚು ತೆಗ್ಯಕ್ಕೆ ಅಂತ ಆ ಸುಣ್ಣದ ಗಾರೆ ಮುಖದ ಮೇಲೆ ಹೊತ್ಕೊಂಡು ಕೂತಿದ್ದೆ. ಒಂದ್ ಮಾತಾಡಿಲ್ಲ. ನೀನು ಮೂರು ತಿಂಗ್ಳು ನಿದ್ದೆ ಕೆಟ್ಟೆ. ಇದು ಮೋಸನಾ?"

ಅವಳು ಮೇಜಿನ ಮೇಲಿದ್ದ ಅಂಟು ಬಿಡಿಸುವ ಎಣ್ಣೆಯ ಶೀಸೆಯನ್ನು ತಾನೇ ಎತ್ತಿಕೊಂಡು ಕಿವಿಯ ಹಿಂದೆ ಸವರಿದಳು. ಮೇದಿನಿ ಎದ್ದು ಬರುವಷ್ಟರಲ್ಲಿ ಎಡಗೆನ್ನೆ ಹಾಲಿನ ಕೆನೆಯಂತೆ ಮಡಚಿಕೊಂಡು ಅವಳ ಕೈಗೆ ಬಂದಿತ್ತು.

ರುಕ್ಮಾಂಗದರು ಬೆರಗಾಗಲಿಲ್ಲ. ಅವರ ಅನುಮಾನ ಇನ್ನೂ ಹೆಚ್ಚಿತು. ಒಂದರ ಕೆಳಗೆ ಇನ್ನೊಂದು! ಅವರು ಚೆನ್ನಾಜಮ್ಮನನ್ನು ಹೊರಗೆ ಕರೆದೊಯ್ದು ಮತ್ತೆ ಬಾಗಿಲಿಗೆ ನಿಲ್ಲಿಸಿದರು. ದೀಪ ಕೆಂಪಾಯಿತು. ಮುಖವಾಡ, ಎಂದಿತು ಯಂತ್ರ. ಮೂರು ಸಲ ನಿಲ್ಲಿಸಿದರು, ಮೂರು ಸಲವೂ ಅದೇ. ಗೆದ್ದವರಂತೆ ಅವರು ಸುಟ್ಟ ಚರ್ಮದ ಅಂಚನ್ನು ಗದ್ದದ ಬಳಿ ಪತ್ತೆಹಚ್ಚಿದರು. ಉಗುರು ಕೊಟ್ಟು ಎಳೆದರು.

"ಎಳೀಬೇಡಿ ಸ್ವಾಮಿ," ಎಂದಳು ಚೆನ್ನಾಜಮ್ಮ. "ನೋಯ್ತದೆ."

ಅವರ ಕೈ ಗಾಳಿಯಲ್ಲೇ ನಿಂತಿತು. ಮೇದಿನಿ ಕೈಚೀಲದಿಂದ ಮೊದಲಿನ ಚಿತ್ರವನ್ನು ತೆಗೆದು ಮೇಜಿನ ಮೇಲಿಟ್ಟಳು.

"ತೊಂಬತ್ತಾರು ಹೇಗೆ ಬಂತು?" ಕೊನೆಗೆ ಅವರು ಕೇಳಿದರು. ಧ್ವನಿ ತಗ್ಗಿತ್ತು.

"ಒಳಗೆ ಬೆಳಕು ಸಾಗಿಸುವ ಸಣ್ಣ ಎಳೆಗಳನ್ನು ನೇಯ್ದಿದೀನಿ ಸರ್. ಬಲಗೆನ್ನೆ ಮೇಲಿನ ಬೆಳಕನ್ನ ಅವು ಎಡಗೆನ್ನೆಗೆ ತರ್ತವೆ. ನಿಮ್ಮ ಕ್ಯಾಮೆರಾ ಎರಡೂ ಕಡೆ ನೋಡಿದ್ದು ಅವರದೇ ರಕ್ತ."

ಕಟ್ಟಳೆಯಂತೆ ಪಾಠದ ನಮೂನೆ ತುಂಬಬೇಕಿತ್ತು. ಅದರಲ್ಲಿ ಎರಡೇ ಚೌಕ: ನಿಜ, ಸುಳ್ಳು. ರುಕ್ಮಾಂಗದರು ಮುಖವಾಡವನ್ನು ಮುಟ್ಟಲಿಲ್ಲ. ಚೆನ್ನಾಜಮ್ಮನ ಸುಟ್ಟ ಮುಖವನ್ನು ನಲವತ್ತು ಕೋನಗಳಿಂದ ತೆಗೆಯಲು ಮೇದಿನಿಗೆ ಹೇಳಿದರು. ಪ್ರತಿ ಚಿತ್ರದ ಕೆಳಗೂ ನಿಜ ಎಂದು ಗುರುತು ಹಾಕಿದರು. ಸಹಿ ಹಾಕಬೇಕಿದ್ದ ಕಾಗದವನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

ವಾರದೊಳಗೆ ನಾಡಿನ ಎಲ್ಲ ಬಾಗಿಲುಗಳೂ ಪಾಠ ಕಲಿತವು. ಚೆನ್ನಾಜಮ್ಮ ತನ್ನ ಮುಖದಲ್ಲೇ ತಂಗಿಯ ಮನೆಗೆ ಹೋಗಿಬಂದಳು. ಮೇದಿನಿ ಪ್ರಥಮಳಾಗಿ ತೇರ್ಗಡೆಯಾಗಿ ಅದೇ ವಿಭಾಗದಲ್ಲಿ ಅಧ್ಯಾಪಕಿಯಾದಳು.

ಆಮೇಲೆ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ನಗರದಲ್ಲಿ ಸುಟ್ಟ ಗಾಯದವರ ಸಂಖ್ಯೆ ದಿಢೀರನೆ ಏರಿತು. ಗಾಯವಿದ್ದರೆ ಜೀವದರ್ಶಿ ಒಪ್ಪುತ್ತದೆಂದು ವಂಚಕರಿಗೆ ತಿಳಿದಿತ್ತು. ಅವರು ಮುಖವಾಡಕ್ಕೇ ಗಾಯ ಅಂಟಿಸಿಕೊಂಡು ಓಡಾಡತೊಡಗಿದರು. ನಿಜವಾದ ಗಾಯ ಯಾವುದು, ಸಿಲಿಕೋನಿನದು ಯಾವುದು ಎಂದು ಯಂತ್ರಕ್ಕೆ ಹೇಳಲಾಗಲಿಲ್ಲ. ಹಾಗಾಗಿ ಬಾಗಿಲುಗಳ ಪಕ್ಕ ಕುರ್ಚಿಗಳು ಬಂದವು. ಕುರ್ಚಿಗಳಲ್ಲಿ ಕೂರಲು, ಸುಟ್ಟ ಚರ್ಮ ಬೆರಳಿಗೆ ಹೇಗೆ ತಾಗುತ್ತದೆಂದು ಬಲ್ಲವರೇ ಬೇಕಾದರು.

ಮರುವರ್ಷದ ಪರೀಕ್ಷೆಗೆ ರುಕ್ಮಾಂಗದರು ಬಂದಾಗ ಅವರ ಕೆನ್ನೆಯ ಮೇಲೆ ಸ್ಕೂಟರಿನಿಂದ ಬಿದ್ದು ತರಚಿದ ಗಾಯವಿತ್ತು. ದೀಪ ಹಸಿರಾಯಿತು. ಅವರು ಒಳಗೆ ಕಾಲಿಡಬೇಕೆನ್ನುವಾಗ ಕುರ್ಚಿಯಿಂದ ಚೆನ್ನಾಜಮ್ಮ ಎದ್ದಳು.

"ಒಂದ್ನಿಮ್ಷ ನಿಲ್ಲಿ ಸ್ವಾಮಿ."

"ನಾನು ಕಣಮ್ಮ, ರುಕ್ಮಾಂಗದ."

"ಎಲ್ರೂ ಹಂಗೇ ಹೇಳೋದು."

ಅವರು ನಿಂತರು. ಅವಳು ಅವರ ಕಿವಿಯ ಹಿಂದೆ, ಗದ್ದದ ಕೆಳಗೆ ಬೆರಳಾಡಿಸಿದಳು. ಕೊನೆಗೆ ಗಾಯದ ಅಂಚಿಗೆ ಬಂದು, ಉಗುರು ತಾಗದಂತೆ, ಬೆರಳ ತುದಿಯಿಂದ ಮೆಲ್ಲಗೆ ಒತ್ತಿದಳು.

"ನೋಯ್ತದಾ?"

"ಹೂಂ, ನೋಯ್ತದೆ."

"ಹಂಗಾದ್ರೆ ನೀವೇ," ಎಂದು ಅವಳು ದಾರಿ ಬಿಟ್ಟಳು. "ಒಳೀಕೆ ಹೋಗಿ."