ಶನಿವಾರದ ಫೋನು

ಒಂದು ಮಾತು ಹೇಳಿದರೆ ಎಲ್ಲ ನಿಂತುಹೋಗುತ್ತದೆಯೇ? ಅಥವಾ ಏನೂ ಹೇಳದೆ ಸುಮ್ಮನಿದ್ದರೂ ಸಾಕೇ?

ಅಮೆರಿಕಾದ ಕಾನ್ಸುಲೇಟಿನ ಕುರ್ಚಿಯ ಅಂಚಿನಲ್ಲಿ ಕೂತು ಎಸೇತಾ ಇದನ್ನೇ ಯೋಚಿಸುತ್ತಿದ್ದಳು. ನಿನ್ನೆ ದೊಡ್ಡಮ್ಮನ ಮಗ ಫಿಲೀಪೋ ಹೇಳಿದ್ದು ತಲೆಯಿಂದ ಹೋಗುತ್ತಲೇ ಇರಲಿಲ್ಲ.

"ಮಕ್ಕಳನ್ನೂ ಕೇಳ್ತಾರೆ ಕಣೇ. ಮಕ್ಕಳು ಸುಳ್ಳು ಹೇಳಲ್ಲ ಅಂತ ಅವರಿಗೆ ಗೊತ್ತು. 'ಈ ಸಿಯಾಕಿ ಯಾರೋ ನಂಗೊತ್ತಿಲ್ಲ' ಅಂದ್ಬಿಡು. ಮುಗೀತು. ವೀಸಾ ಕ್ಯಾನ್ಸಲ್."

"ನಿಜಾನಾ?"

"ಮತ್ತೆ? ಅಲಾಸ್ಕಾದಲ್ಲಿ ನೀನು ಐಸ್‌ಕ್ಯಾಂಡಿ ಆಗೋದು ತಪ್ಪತ್ತೆ."

ಸಿಯಾಕಿ ಅಮ್ಮನ ಗಂಡ. ಅಮೆರಿಕಾದವನು. ಅಲಾಸ್ಕಾದ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವ ಕೆಲಸ. ಮದುವೆಯಾಗಿ ಎರಡು ವರ್ಷವಾದರೂ ಅಮ್ಮ ಇಲ್ಲಿ ಆಕ್ಲೆಂಡಿನಲ್ಲಿ, ಅವನು ಅಲ್ಲಿ. ಇವತ್ತಿನ ಇಂಟರ್‌ವ್ಯೂನಲ್ಲಿ ವೀಸಾ ಸಿಕ್ಕರೆ ಅಮ್ಮ ಮತ್ತು ಎಸೇತಾ ಅವನ ಮನೆಗೆ ಹೋಗುತ್ತಾರೆ.

ಅಜ್ಜಿ ಬರುವುದಿಲ್ಲ. ಅಜ್ಜಿಯ ಚರ್ಚು, ಗೆಳತಿಯರು, ಮನೆ ಎಲ್ಲ ಇಲ್ಲೇ, ಆಕ್ಲೆಂಡಿನ ಓಟಾರಾ ಬಡಾವಣೆಯಲ್ಲಿ. ಎಸೇತಾ ತನಗೆ ನೆನಪಿರುವಾಗಿನಿಂದ ಅಜ್ಜಿಯ ಹಾಸಿಗೆಯಲ್ಲೇ ಮಲಗುತ್ತಾಳೆ. ಚಳಿಗೆ ತನ್ನ ಪಾದಗಳನ್ನು ಅಜ್ಜಿಯ ಮೊಣಕಾಲ ಹಿಂದೆ ತೂರಿಸಿದರೆ ಅಜ್ಜಿ "ಮೀನು ಬಂತು" ಅನ್ನುತ್ತಾಳೆ. ಅದು ದಿನಾ ಹೇಳುವ ಮಾತು.

ಒಳಗೆ ಫೋನ್ ತರುವಂತಿಲ್ಲವೆಂದು ಅಜ್ಜಿ ಎಲ್ಲರ ಫೋನು ಕೈಚೀಲಕ್ಕೆ ಹಾಕಿಕೊಂಡು ಕೆಳಗೆ ಬೆಂಚಿನ ಮೇಲೆ ಕೂತಿದ್ದಳು. "ಒಳಗೆ ಕೆಮ್ಮಬೇಡ್ರೇ. ರೋಗ ಅಂದ್ಕೊಂಡು ವಾಪಸ್ ಕಳಿಸ್ತಾರೆ," ಎಂದಿದ್ದಳು.

ಬಾಗಿಲ ಕಾವಲುಗಾರ ಅವರ ದ್ವೀಪದವನೇ, ಸಮೋವಾದವನು. "ಏನು ಪುಟ್ಟಿ, ಹೆದರಿಕೆನಾ?" ಎಂದು ಕೇಳಿದ್ದ. ಎಸೇತಾ ಹುಬ್ಬು ಏರಿಸಿದಳು. "ನಂಗೂ ಅಷ್ಟೇ, ದಿನಾ," ಎಂದು ಅವನೂ ಹುಬ್ಬು ಏರಿಸಿದ. ಅವರಲ್ಲಿ ಹೌದು ಅನ್ನಲು ಬಾಯಿ ಬೇಕಿಲ್ಲ. ಹುಬ್ಬು ಒಮ್ಮೆ ಮೇಲೇರಿದರೆ ಸಾಕು.

"ಪೆನೀನಾ ಮತ್ತು ಎಸೇತಾ. ನಾಲ್ಕನೇ ಕಿಟಕಿ," ಎಂದು ಮೈಕಿನಲ್ಲಿ ಅಮ್ಮನ ಮತ್ತು ಅವಳ ಹೆಸರು ಕೂಗಿದರು.

ಗಾಜಿನ ಆಚೆ ಮುಖದ ತುಂಬ ಮಚ್ಚೆಗಳಿದ್ದ ಒಬ್ಬ ಬಿಳಿ ಹೆಂಗಸು ಕೂತಿದ್ದಳು, ವೀಸಾ ಅಧಿಕಾರಿ. ಈಚೆ ಅಮ್ಮ, ಚರ್ಚಿಗೆ ಹಾಕುವ ನೀಲಿ ಉಡುಪಿನಲ್ಲಿ, ಎಸೇತಾಳ ಪಕ್ಕದ ಕುರ್ಚಿಯಲ್ಲಿ ಕೂತಳು. ದೊಡ್ಡ ಹುದ್ದೆಯವರ ಮುಖವನ್ನು ದಿಟ್ಟಿಸುವುದು ಮರ್ಯಾದೆಯಲ್ಲವೆಂದು ಅವಳ ಕಣ್ಣು ಕಿಟಕಿಯ ಕೆಳಗಿನ ಕಟ್ಟೆಯ ಮೇಲಿತ್ತು.

"ನಿಮ್ಮ ಯಜಮಾನರು ಇಲ್ಲಿಗೆ ಎಷ್ಟು ಸಲ ಬಂದಿದ್ದಾರೆ?"

"ಎರಡು ಸಲ."

"ಫೋನಿನಲ್ಲಿ ಮಾತಾಡ್ತೀರಾ?"

"ಪ್ರತಿ ಶನಿವಾರ. ಎರಡು ಮೂರು ಗಂಟೆ."

"ಏನು ಮಾತಾಡ್ತೀರಿ?"

ಅಮ್ಮ ಯೋಚಿಸಿದಳು. "ಏನಿಲ್ಲ."

"ಮೂರು ಗಂಟೆ ಹೊತ್ತು ಏನಿಲ್ವಾ?"

"ಏನಿಲ್ಲ, ಮೇಡಂ."

ಅಧಿಕಾರಿ ಪೆನ್ನು ಕೆಳಗಿಟ್ಟಳು. "ಪೆನೀನಾ, ನೀವು ಕೊಟ್ಟ ಫೋಟೋಗಳು ಕಡಿಮೆ. ಮೆಸೇಜುಗಳಲ್ಲಿ 'ಊಟ ಆಯ್ತಾ' ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ. ನನ್ನ ಮುಖ ನೋಡಿಯೂ ಮಾತಾಡ್ತಿಲ್ಲ. ಇದು ನಿಜವಾದ ಮದುವೆ ಅಂತ ನಾನು ಹೇಗೆ ನಂಬಲಿ?"

ಅಮ್ಮನ ಕಿವಿ ಕೆಂಪಾಯಿತು.

ಅಧಿಕಾರಿ ಎಸೇತಾಳ ಕಡೆ ಬಾಗಿದಳು. "ನೀನು ಹೇಳು. ಸಿಯಾಕಿ ನಿನಗೆ ಚೆನ್ನಾಗಿ ಗೊತ್ತಾ?"

ಎಸೇತಾ ಹುಬ್ಬು ಏರಿಸಿದಳು.

ಅಧಿಕಾರಿ ಕಾದಳು. ಇನ್ನೂ ಕಾದಳು. "ಗೊತ್ತಿಲ್ವಾ? ಪರವಾಗಿಲ್ಲ ಮರಿ. ನಿಜ ಹೇಳಿದರೆ ಯಾರೂ ಬೈಯಲ್ಲ."

ಎಸೇತಾ ಹುಬ್ಬಿನಿಂದಲೇ ಹೌದು ಎಂದು ಹೇಳಿಯಾಗಿತ್ತು. ಆದರೆ ಗಾಜು ದಾಟುವಷ್ಟರಲ್ಲಿ ಅದು ಇಲ್ಲ ಎಂದಾಗಿಬಿಟ್ಟಿತ್ತು. ಅವಳು ಸುಳ್ಳು ಹೇಳಿರಲಿಲ್ಲ. ಈಗ ಸುಮ್ಮನಿದ್ದರೆ ಸಾಕು. ಇವತ್ತು ರಾತ್ರಿ ಅಜ್ಜಿಯ ಹಾಸಿಗೆ. ನಾಳೆಯೂ. ಆಮೇಲೂ.

ಅಮ್ಮ ಚಿವುಟುವುದನ್ನು ಅವಳು ಕಾದಳು. ಚರ್ಚಿನಲ್ಲಿ ಪಾದ್ರಿ ಕೇಳಿದ್ದಕ್ಕೆ ಬಾಯಿ ಬಿಡದಿದ್ದರೆ ಅಮ್ಮನ ಬೆರಳು ತೊಡೆಯನ್ನು ಹುಡುಕಿಕೊಂಡು ಬರುತ್ತಿತ್ತು. ಈಗಲೂ ಬರುತ್ತದೆ.

ಬರಲಿಲ್ಲ.

ಎಸೇತಾ ಪಕ್ಕಕ್ಕೆ ನೋಡಿದಳು. ಅಮ್ಮನ ಎರಡು ಕೈಗಳೂ ಮಡಿಲಲ್ಲಿ, ಒಂದರ ಮೇಲೊಂದು ಇದ್ದವು. ಅಮ್ಮ ಆ ಹುಬ್ಬನ್ನು ನೋಡಿದ್ದಳು. 'ಹೌದು ಅಂತಿದ್ದಾಳೆ, ಮೇಡಂ' ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಗಾಜಿನ ಆಚೆಯವಳ ಹಾಗೆ ಅಮ್ಮನೂ ತನ್ನ ಉತ್ತರಕ್ಕೇ ಕಾಯುತ್ತಿದ್ದಾಳೆ ಎಂದು ಎಸೇತಾಗೆ ಅನ್ನಿಸಿತು.

"ಅವರಿಬ್ಬರೂ ಮಾತಾಡಲ್ಲ," ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು.

ಅಧಿಕಾರಿ ಪೆನ್ನು ಎತ್ತಿಕೊಂಡಳು.

"ಅಮ್ಮ ಫೋನನ್ನ ಅಕ್ಕಿ ಡಬ್ಬಕ್ಕೆ ಒರಗಿಸಿ ಇಡ್ತಾಳೆ. ಭಾನುವಾರದ ಅಡಿಗೆಗೆ ಕೆಸುವಿನ ಗೆಡ್ಡೆ ಹೆರೀತಾಳೆ. ಸಿಯಾಕಿ ಅಲ್ಲಿ ಯೂನಿಫಾರ್ಮ್ ಇಸ್ತ್ರಿ ಮಾಡ್ತಾನೆ. ಹಾಡ್ತಾನೆ. ರಾಗ ತಪ್ಪತ್ತೆ. ಅಜ್ಜಿ ಒಳಗಿಂದಾನೇ ಬೈತಾಳೆ, ದೇವರ ಹಾಡು ಕೊಲ್ಲಬೇಡ್ವೋ ಅಂತ."

"ಅವರೇನಂತಾರೆ?"

"ಅಜ್ಜಿಗೆ ಸಾರಿ ಅಮ್ಮಾ ಅಂತಾನೆ. ಮತ್ತೆ ಹಾಡ್ತಾನೆ. ಅವನಿಗೆ ಒಂದೇ ಸಾಲು ಬರೋದು. ಅವನದು ರಾತ್ರಿ ಅಲ್ವಾ, ಕೆಲವು ಸಲ ಕುರ್ಚಿಯಲ್ಲೇ ನಿದ್ದೆ ಹೋಗ್ತಾನೆ. ಅಮ್ಮ ಕಟ್ ಮಾಡಲ್ಲ. ನಮಗೇ ಶ್ ಅಂತಾಳೆ. ಅವನು ಏಳೋವರೆಗೂ ನಾವು ಪಾತ್ರೆ ಸದ್ದು ಮಾಡೋ ಹಾಗಿಲ್ಲ."

ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬೆರಳುಗಳ ನಡುವೆ ಹೊರಗೆ ಬಂದೇಬಿಟ್ಟಿತು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಅಧಿಕಾರಿ ಆ ನಗುವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಂಪ್ಯೂಟರಿನಲ್ಲಿ ಏನನ್ನೋ ಬರೆದಳು. "ಪಾಸ್‌ಪೋರ್ಟು ಅಂಚೆಯಲ್ಲಿ ಬರುತ್ತೆ," ಎಂದಳು.

"ಅಂದರೆ?" ಎಂದಳು ಅಮ್ಮ.

"ಅಂದರೆ ವೀಸಾ ಕೊಟ್ಟಿದ್ದೀವಿ. ಒಳ್ಳೇದಾಗಲಿ."

ಲಿಫ್ಟಿನಲ್ಲಿ ಇಬ್ಬರೇ ಇದ್ದರು.

"ಚಿವುಟ್ತೀಯ ಅಂದ್ಕೊಂಡಿದ್ದೆ," ಎಂದಳು ಎಸೇತಾ.

"ಇವತ್ತು ಬೇಡ ಅನ್ನಿಸ್ತು," ಎಂದಳು ಅಮ್ಮ.

ಕೆಳಗೆ ಅಜ್ಜಿ ಐಸ್‌ಕ್ರೀಮ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದರ ತುಂಬ ಬೆಳಿಗ್ಗೆ ಕರಿದ ಸಿಹಿ ಉಂಡೆಗಳು.

"ಏನಂತೆ?"

ಅಮ್ಮ ಹುಬ್ಬು ಏರಿಸಿದಳು. ಅಜ್ಜಿ ಅದನ್ನು ನೋಡಿದಳು. ಸ್ವಲ್ಪ ತಡವಾಗಿ ಅವಳ ಹುಬ್ಬೂ ಏರಿತು. ಡಬ್ಬದ ಮುಚ್ಚಳ ತೆಗೆದಳು. "ತಿನ್ನಿ. ಆರಿಹೋಗಿದೆ."

ಕೈಚೀಲದಲ್ಲಿ ಫೋನ್ ರಿಂಗಾಯಿತು. ಸಿಯಾಕಿಯದೇ. ಅಮ್ಮ ಅದನ್ನು ಕಿವಿಗಿಟ್ಟುಕೊಂಡು ಕಂಬದ ಹತ್ತಿರ ಹೋದಳು. "ಆಯ್ತು," ಎಂದಳು. ಮತ್ತೆ ಮಾತಿಲ್ಲ. ಸುಮ್ಮನೆ ನಿಂತಳು.

"ನಿನ್ನನ್ನೂ ಕೇಳಿದ್ರಾ?" ಎಂದಳು ಅಜ್ಜಿ.

ಎಸೇತಾ ಹುಬ್ಬು ಏರಿಸಿದಳು.

"ಏನು ಹೇಳ್ದೆ?"

"ನೀನು ಸಿಯಾಕಿಗೆ ಬೈಯೋದು ಹೇಳ್ದೆ."

"ಅಯ್ಯೋ ಹಾಳಾದೋಳೆ. ಅಮೆರಿಕಾದವರ ಮುಂದೆ ನನ್ನ ಮಾನ ತೆಗ್ದೆಯಲ್ಲ." ಅಜ್ಜಿ ಹೊಟ್ಟೆ ಕುಲುಕಿಸಿ ನಕ್ಕಳು. ಎಸೇತಾಳ ಗಲ್ಲಕ್ಕೆ ಅಂಟಿದ್ದ ಸಕ್ಕರೆಯನ್ನು ಹೆಬ್ಬೆರಳಿನಿಂದ ಒರೆಸಿದಳು. ಸಕ್ಕರೆ ಹೋದ ಮೇಲೂ ಬೆರಳು ಅಲ್ಲೇ ಇತ್ತು.

ಅಲಾಸ್ಕಾಕ್ಕೆ ಹೋಗಲು ಇಷ್ಟವೇ ಎಂದು ಅಜ್ಜಿ ಕೇಳಲಿಲ್ಲ. ಇಷ್ಟವಿಲ್ಲ ಎಂದು ಎಸೇತಾ ಯಾರಿಗೂ ಹೇಳಲಿಲ್ಲ, ಅವತ್ತೂ, ಆಮೇಲೂ.